ಕೋಲಾ, ಕೋಳಿ, ಕಾರ್ಖಾನೆ: ಚೀನಾದ ಸಮಾಜವಾದಕ್ಕೆ ಪಾಶ್ಚಾತ್ಯ ಬಂಡವಾಳ ಕಾಲಿಟ್ಟ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಆರ್ಥಿಕ ಸುಧಾರಣೆಗಳ ಬಗ್ಗೆ ಬರೆದಾಗಲೂ ಮಾತನಾಡಿದಾಗಲೂ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ, ಸಭೆ ಮುಗಿದ ಮೇಲಿನ ಹರಟೆಯಲ್ಲಿ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಎಲ್ಲಿಂದ ಬೇಕಾದರೂ ಓದಬಹುದು. ನನ್ನದೊಂದು ತಕರಾರನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಇದನ್ನೆಲ್ಲ 'ಪೂರ್ವ–ಪಶ್ಚಿಮ ಸಂಸ್ಕೃತಿಗಳ ಘರ್ಷಣೆ' ಎಂದು ಕರೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

## ಮೊದಲ ತಿಳಿವಳಿಕೆಗೆ

ಚೀನಾ ಕಮ್ಯುನಿಸ್ಟ್ ದೇಶ ಅಲ್ಲವೇ? ಅಲ್ಲಿಗೆ ಕೋಕಾ-ಕೋಲಾ ಹೇಗೆ ನುಗ್ಗಿತು?

ನುಗ್ಗಲಿಲ್ಲ, ಅವರೇ ಕರೆಸಿಕೊಂಡರು. 1978ರ ಡಿಸೆಂಬರ್‌ನಲ್ಲಿ ನಡೆದ ಪಕ್ಷದ ಕೇಂದ್ರ ಸಮಿತಿಯ ಸಭೆಯಲ್ಲಿ ಸುಧಾರಣೆಯ ಪರವಿದ್ದ ನಾಯಕ ಡೆಂಗ್ ಶಿಯಾವೊಪಿಂಗ್ ಅವರ ಕೈ ಮೇಲಾಯಿತು. ವರ್ಗಸಂಘರ್ಷದ ಮಾತು ಹಿಂದೆ ಸರಿದು ಉತ್ಪಾದನೆಯ ಮಾತು ಮುಂದೆ ಬಂತು. ಕೋಕಾ-ಕೋಲಾ ಒಪ್ಪಂದದ ಸುದ್ದಿ ಹೊರಬಿದ್ದದ್ದೂ ಅದೇ ತಿಂಗಳು. 1979ರ ಜನವರಿ 1ರಂದು ಅಮೆರಿಕದೊಂದಿಗೆ ರಾಜತಾಂತ್ರಿಕ ಸಂಬಂಧ ಕುದುರಿತು. ಆ ತಿಂಗಳಲ್ಲೇ ಮೊದಲ ಸರಕು ಬಂದಿಳಿಯಿತು. ಕಂಪನಿಗೆ ಚೀನಾ ಹೊಸ ನೆಲವೂ ಆಗಿರಲಿಲ್ಲ. 1920ರ ದಶಕದಲ್ಲೇ ಅದು ಶಾಂಘೈನಲ್ಲಿ ಬಾಟಲಿ ತುಂಬಿಸುತ್ತಿತ್ತು. 1949ರ ಕ್ರಾಂತಿಯಾದಾಗ ಗಂಟುಮೂಟೆ ಕಟ್ಟಿತ್ತು.

ಮೊದಮೊದಲು ಸಾಮಾನ್ಯ ಚೀನೀಯನಿಗೆ ಅದು ಸಿಗುತ್ತಲೇ ಇರಲಿಲ್ಲ. ವಿದೇಶಿಯರು ಇಳಿದುಕೊಳ್ಳುವ ಹೋಟೆಲುಗಳಲ್ಲಿ, 'ಸ್ನೇಹ ಮಳಿಗೆ' ಎಂಬ ಸರ್ಕಾರಿ ಅಂಗಡಿಗಳಲ್ಲಿ ಮಾತ್ರ ಮಾರಾಟ. 1980ರಿಂದ ವಿದೇಶಿಯರ ಬಳಕೆಗೆಂದೇ ಪ್ರತ್ಯೇಕ ನೋಟು ಚಲಾವಣೆಗೆ ಬಂತು; 1990ರ ದಶಕದ ನಡುವಿನವರೆಗೂ ಉಳಿಯಿತು. ಸಮಾನತೆಯ ಹೆಸರಿನಲ್ಲಿ ಕಟ್ಟಿದ ದೇಶದ ರಾಜಧಾನಿಯಲ್ಲಿ, ಕೈಯಲ್ಲಿರುವ ನೋಟು ಯಾವುದು ಎಂಬುದರ ಮೇಲೆ ಅಂಗಡಿಯ ಬಾಗಿಲು ತೆರೆಯುತ್ತಿತ್ತು. ಮೊದಲ ಮುಜುಗರ ಅಲ್ಲೇ ಶುರುವಾಯಿತು.

ನಮ್ಮ ಕಡೆಯ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ: ಕೋಕಾ-ಕೋಲಾ ಭಾರತವನ್ನು ಬಿಟ್ಟದ್ದು 1977ರಲ್ಲಿ, ಮರಳಿದ್ದು 1993ರಲ್ಲಿ.

ಎಲ್ಲವೂ ಸರ್ಕಾರದ್ದೇ ಆಗಿದ್ದ ಕಾಲದಲ್ಲಿ ಸಾಮಾನ್ಯ ಕಾರ್ಮಿಕನ ಬದುಕು ಹೇಗಿತ್ತು?

ನಗರದ ಕಾರ್ಮಿಕನ ಬದುಕು 'ದಾನ್‌ವೇಯ್' ಎಂಬ ಕೆಲಸದ ಘಟಕದ ಕಾಂಪೌಂಡಿನೊಳಗೆ ನಡೆಯುತ್ತಿತ್ತು. ಕಾರ್ಖಾನೆಯೇ ಮನೆ ಕೊಡುತ್ತಿತ್ತು. ದವಾಖಾನೆ, ಶಿಶುವಿಹಾರ, ಊಟದ ಮನೆ, ಸ್ನಾನದ ಮನೆ ಎಲ್ಲವೂ ಅದರದ್ದೇ. ಮದುವೆಯಾಗಬೇಕಾದರೂ ಘಟಕದ ಪತ್ರ ಬೇಕು. ನಿವೃತ್ತನಾದ ಅಪ್ಪನ ಜಾಗಕ್ಕೆ ಮಗನನ್ನೋ ಮಗಳನ್ನೋ ಸೇರಿಸಿಕೊಳ್ಳುವ ಪದ್ಧತಿಯೂ ಇತ್ತು. ಸಂಬಳ ಕಡಿಮೆ, ಆದರೆ ಕೆಲಸ ಹೋಗುವ ಭಯವಿಲ್ಲ. ಇದನ್ನೇ ಅವರು 'ಕಬ್ಬಿಣದ ಅನ್ನದ ಬಟ್ಟಲು' ಎನ್ನುತ್ತಿದ್ದರು.

ಅಕ್ಕಿಗೂ ಬಟ್ಟೆಗೂ ಚೀಟಿ. ಧಾನ್ಯದ ಚೀಟಿ ಪೂರ್ತಿ ಹೋದದ್ದು 1993ರ ಹೊತ್ತಿಗೆ. ಹಳ್ಳಿಯವರಿಗೆ ಈ ಯಾವ ಸವಲತ್ತೂ ಇರಲಿಲ್ಲ. 1958ರಿಂದ ಜಾರಿಯಲ್ಲಿದ್ದ 'ಹುಕೋ' ಎಂಬ ಕುಟುಂಬ ನೋಂದಣಿ ಅವರನ್ನು ಹಳ್ಳಿಗೇ ಕಟ್ಟಿಹಾಕಿತ್ತು. 'ಚೀನೀ ಸಮಾಜವಾದಿ ಸಮಾಜ' ಎಂದಾಗ ನಾವು ಸಾಮಾನ್ಯವಾಗಿ ನೆನೆಯುವುದು ನಗರದ ಈ ಕಾಂಪೌಂಡನ್ನೇ. ದೇಶದ ಬಹುಪಾಲು ಜನ ಅದರ ಹೊರಗಿದ್ದರು.

ಷೇರು ಮಾರುಕಟ್ಟೆ, ಕೋಟ್ಯಧಿಪತಿಗಳು ಎಲ್ಲಾ ಇದ್ದೂ ಸಮಾಜವಾದ ಎನ್ನುವುದು ಬೂಟಾಟಿಕೆ ಅಲ್ಲವೇ?

ಅರ್ಧ ಬೂಟಾಟಿಕೆ, ಅರ್ಧ ಜಾಣತನ. ಪಕ್ಷ ಒಂದೊಂದೇ ಮೆಟ್ಟಿಲಿಳಿದು, ಪ್ರತಿ ಮೆಟ್ಟಿಲಿಗೂ ಒಂದು ಸಿದ್ಧಾಂತವನ್ನು ಹೊಂದಿಸಿಕೊಂಡಿತು. 1980ರಲ್ಲಿ ಶೆನ್‌ಝೆನ್, ಝುಹಾಯ್, ಶಾಂತೋ, ಶಿಯಾಮೆನ್ ಎಂಬ, ವಿದೇಶಿ ಬಂಡವಾಳಕ್ಕೆ ತೆರೆದ ನಾಲ್ಕು ವಿಶೇಷ ಆರ್ಥಿಕ ವಲಯಗಳು. 1987ರಲ್ಲಿ 'ನಾವಿನ್ನೂ ಸಮಾಜವಾದದ ಆರಂಭಿಕ ಹಂತದಲ್ಲಿದ್ದೇವೆ' ಎಂಬ ವಿವರಣೆ. 1992ರ ಆರಂಭದಲ್ಲಿ ಡೆಂಗ್ ದಕ್ಷಿಣದ ಪ್ರವಾಸ ಮಾಡಿ ಸುಧಾರಣೆಗೆ ಮತ್ತೆ ಜೀವ ತುಂಬಿದ ಮೇಲೆ ಅದೇ ವರ್ಷ 'ಸಮಾಜವಾದಿ ಮಾರುಕಟ್ಟೆ ಅರ್ಥವ್ಯವಸ್ಥೆ'. 2001ರಲ್ಲಿ ಉದ್ಯಮಿಗಳಿಗೂ ಪಕ್ಷದ ಬಾಗಿಲು. 2004ರಲ್ಲಿ ಖಾಸಗಿ ಆಸ್ತಿಗೆ ಸಂವಿಧಾನದ ರಕ್ಷಣೆ.

ಆದರೂ ನಗರದ ನೆಲ ಇಂದಿಗೂ ಸರ್ಕಾರದ್ದೇ. ಕೊಳ್ಳುವವನಿಗೆ ಸಿಗುವುದು ಬಳಕೆಯ ಹಕ್ಕು. ದೊಡ್ಡ ಬ್ಯಾಂಕುಗಳು, ತೈಲ, ವಿದ್ಯುತ್ತು, ದೂರಸಂಪರ್ಕವೂ ಸರ್ಕಾರದ ಕೈಯಲ್ಲಿವೆ. ಅದನ್ನು ಏನೆಂದು ಕರೆಯಬೇಕು ಎಂಬ ಚರ್ಚೆಗಿಂತ, ಯಾರ ಮಾತು ಕೊನೆಗೆ ನಡೆಯುತ್ತದೆ ಎಂದು ನೋಡುವುದು ಒಳ್ಳೆಯದು.

ಜಾಹೀರಾತು ಎಂಬುದನ್ನೇ ಕಾಣದ ಜನ ಮೊದಲ ಬಾರಿ ಜಾಹೀರಾತು ನೋಡಿದ್ದು ಯಾವಾಗ?

ಮಾವೊ ಹುಟ್ಟುಹಾಕಿದ ಸಾಂಸ್ಕೃತಿಕ ಕ್ರಾಂತಿಯ (1966–76) ವರ್ಷಗಳಲ್ಲಿ ವಾಣಿಜ್ಯ ಜಾಹೀರಾತು ಬಂಡವಾಳಶಾಹಿಯ ಕೊಳಕು ಎನಿಸಿಕೊಂಡು ಕಣ್ಮರೆಯಾಗಿತ್ತು. 1979ರ ಜನವರಿ 28, ಚೀನೀ ಹೊಸ ವರ್ಷದ ದಿನ, ಶಾಂಘೈ ಟಿವಿಯಲ್ಲಿ ಔಷಧೀಯ ಮದ್ಯವೊಂದರ ಜಾಹೀರಾತು ಬಂತು. ಮಾರ್ಚ್ 15ರಂದು ಅದೇ ವಾಹಿನಿಯಲ್ಲಿ ಸ್ವಿಟ್ಜರ್ಲೆಂಡಿನ ರಾಡೊ ಕೈಗಡಿಯಾರ. ಆ ಗಡಿಯಾರ ಆಗ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತಲೇ ಇರಲಿಲ್ಲ ಎಂಬುದು ಬೇರೆ ಮಾತು. ಸರಕಿಗಿಂತ ಆಸೆ ಮೊದಲು ಬಂತು.

## ಕಾರ್ಖಾನೆ ಮತ್ತು ಕಚೇರಿ

'ಸಮಯವೇ ಹಣ' ಎಂಬ ಒಂದು ಫಲಕಕ್ಕೆ ಅಷ್ಟೊಂದು ರಾದ್ಧಾಂತ ಏಕಾಯಿತು?

ಶೆನ್‌ಝೆನ್‌ನ ಶೆಕೋ ಕೈಗಾರಿಕಾ ವಲಯದಲ್ಲಿ 1980ರ ದಶಕದ ಆರಂಭದಲ್ಲಿ ಆ ವಲಯದ ಮುಖ್ಯಸ್ಥ ಯುವಾನ್ ಗೆಂಗ್ ನಿಲ್ಲಿಸಿದ ಫಲಕ ಅದು: 'ಸಮಯವೇ ಹಣ, ದಕ್ಷತೆಯೇ ಜೀವ'. ನಮಗೆ ಸವಕಲು ಮಾತು. ಸೇವೆ, ತ್ಯಾಗ, ಕ್ರಾಂತಿ ಎಂದು ಗೋಡೆಗೋಡೆಯ ಮೇಲೆ ಓದಿ ಬೆಳೆದವರಿಗೆ ಅದು ಪಕ್ಷದ ನೆಲದಲ್ಲೇ ಪಕ್ಷಕ್ಕೆ ಹಾಕಿದ ಸವಾಲಿನಂತೆ ಕಂಡಿತು. 1984ರಲ್ಲಿ ಡೆಂಗ್ ಬಂದು ನೋಡಿ ಮೆಚ್ಚಿದ ಮೇಲೆಯೇ ಬಾಯಿಗಳು ಮುಚ್ಚಿದ್ದು.

ನನಗೆ ಫಲಕಕ್ಕಿಂತ ಅದರ ಹಿಂದಿನ ನಾಲ್ಕು ಫೆನ್‌ಗಳ ಕಥೆ ಮುಖ್ಯ. ಫೆನ್ ಎಂದರೆ ಯುವಾನ್‌ನ ನೂರನೇ ಒಂದು ಪಾಲು. ಶೆಕೋದಲ್ಲಿ ಬಂದರು ಕಟ್ಟುವಾಗ ಲಾರಿ ಚಾಲಕರು ದಿನಕ್ಕೆ ಇಪ್ಪತ್ತು ಮೂವತ್ತು ಲೋಡು ಮಣ್ಣು ಸಾಗಿಸಿ ಸುಮ್ಮನಾಗುತ್ತಿದ್ದರು. ಹೆಚ್ಚು ಸಾಗಿಸಿದರೂ ಅಷ್ಟೇ, ಕಡಿಮೆಯಾದರೂ ಅಷ್ಟೇ. 1979ರ ಕೊನೆಯಲ್ಲಿ ಒಂದು ನಿಯಮ ಬಂತು: ದಿನಕ್ಕೆ ಇಷ್ಟು ಲೋಡು ಎಂದು ಗೊತ್ತುಪಡಿಸಿ, ಅದರ ಮೇಲೆ ಸಾಗಿಸಿದ ಪ್ರತಿ ಲೋಡಿಗೆ 4 ಫೆನ್ ಬೋನಸ್. ಅದೇ ಲಾರಿ, ಅದೇ ರಸ್ತೆ, ಅದೇ ಚಾಲಕರು. ಲೋಡುಗಳು ಮಾತ್ರ ಕೆಲವೊಮ್ಮೆ ನೂರು ದಾಟಿದವು. 1980ರಲ್ಲಿ ಮೇಲಿನವರು ಇದನ್ನು ಮಿತಿಮೀರಿದ ಬೋನಸ್ ಎಂದು ನಿಲ್ಲಿಸಿದರು. ಲೋಡುಗಳು ಮತ್ತೆ ಹಳೆಯ ಲೆಕ್ಕಕ್ಕೆ ಇಳಿದವು. ಕೊನೆಗೆ ಪಕ್ಷದ ನಾಯಕ ಹು ಯಾವೊಬಾಂಗ್ ಅವರವರೆಗೂ ದೂರು ಹೋಗಿ ಬೋನಸ್ ಮರಳಿತು. ನಾಲ್ಕು ಕಾಸಿನ ವಿಚಾರಕ್ಕೆ ದೇಶದ ಅತ್ಯುನ್ನತ ನಾಯಕರಲ್ಲೊಬ್ಬರ ಟಿಪ್ಪಣಿ ಬೇಕಾಯಿತು! ಇಲ್ಲಿ ಒಬ್ಬನೇ ಒಬ್ಬ ಪಾಶ್ಚಾತ್ಯ ಮ್ಯಾನೇಜರ್ ಇರಲಿಲ್ಲ ಎಂಬುದನ್ನು ಗಮನಿಸಿ. ಜಗಳ ಪೂರ್ತಿ ಮನೆಯೊಳಗಿನದು.

ಅಮೆರಿಕದ ಮ್ಯಾನೇಜರ್‌ಗಳು ಚೀನೀ ಅಧಿಕಾರಿಗಳ ಜೊತೆ ನಿಜವಾಗಿ ಯಾವ ವಿಷಯಕ್ಕೆ ಕಿತ್ತಾಡಿದರು?

ಬೀಜಿಂಗ್ ಜೀಪ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕನ್ ಮೋಟಾರ್ಸ್ ಕಂಪನಿ ಮತ್ತು ಬೀಜಿಂಗಿನ ಸರ್ಕಾರಿ ವಾಹನ ಕಾರ್ಖಾನೆ ನಡುವೆ 1983ರಲ್ಲಿ ಕರಾರಾಯಿತು; 1984ರಲ್ಲಿ ಕೆಲಸ ಶುರು. ಚೀನೀಯರಿಗೆ ಬೇಕಿದ್ದದ್ದು ಸೈನ್ಯಕ್ಕೆ ಒಗ್ಗುವ, ಮೇಲ್ಛಾವಣಿ ಮಡಚಬಹುದಾದ ಹೊಸ ಜೀಪು, ಅದನ್ನು ತಾವೇ ತಯಾರಿಸುವ ವಿದ್ಯೆ. ಅಮೆರಿಕನ್ನರಿಗೆ ಬೇಕಿದ್ದದ್ದು ತಮ್ಮ ಚೆರೋಕಿ ಜೀಪಿನ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕಳುಹಿಸಿ ಅಲ್ಲಿ ಜೋಡಿಸಿ ಮಾರುವುದು. ಕಾಗದದ ಮೇಲೆ ಇಬ್ಬರೂ ಒಂದೇ ಕರಾರಿಗೆ ಸಹಿ ಹಾಕಿದ್ದರು.

ಪೆಟ್ಟಿಗೆಗಳಿಗೆ ಡಾಲರ್ ಕೊಡಬೇಕು, ಜೀಪು ಮಾರಿದರೆ ಸಿಗುವುದು ಯುವಾನ್. ಯುವಾನನ್ನು ಡಾಲರ್ ಮಾಡಿಕೊಡುವ ಅಧಿಕಾರ ಸರ್ಕಾರದ್ದು. 1986ರಲ್ಲಿ ಡಾಲರ್ ಸಿಗದೆ ಚೆರೋಕಿ ಜೋಡಣೆ ನಿಂತೇಹೋಯಿತು. ಅಮೆರಿಕನ್ನರು ಪ್ರಧಾನಿಯವರೆಗೂ ದೂರು ಒಯ್ದರು. ಸರ್ಕಾರ ಡಾಲರ್ ಕೊಟ್ಟಿತು, ಏಕೆಂದರೆ ಇಷ್ಟು ಹೆಸರಾದ ಜಂಟಿ ಉದ್ಯಮ ಮುಳುಗಿದರೆ ಬೇರೆ ವಿದೇಶಿಯರು ಬರುವುದಿಲ್ಲ. ಹೀಗೆ ಅಮೆರಿಕನ್ನರಿಗೆ ಒಂದು ಪಾಠವಾಯಿತು: ಇಲ್ಲಿ ಕರಾರಿಗಿಂತ ಮೇಲಿನವರ ಮರ್ಯಾದೆ ಹೆಚ್ಚು ಕೆಲಸ ಮಾಡುತ್ತದೆ. ಅಧಿಕಾರಿಗಳಿಗೂ ಒಂದು ಪಾಠವಾಯಿತು: ತಂತ್ರಜ್ಞಾನ ಎಂದು ಹೇಳಿ ತಂದದ್ದರಲ್ಲಿ ಬಹುಪಾಲು ಸ್ಕ್ರೂಡ್ರೈವರ್ ಕೆಲಸ.

ಸಂಬಳದ ಜಗಳವೂ ಇತ್ತು. ಆ ಕಾಲದಲ್ಲಿ ವಿದೇಶಿ ಕಚೇರಿಗಳು ಚೀನೀ ನೌಕರರನ್ನು ನೇರವಾಗಿ ನೇಮಿಸುವಂತಿರಲಿಲ್ಲ. ಸರ್ಕಾರಿ ಸೇವಾ ಸಂಸ್ಥೆಯ ಮೂಲಕ ಪಡೆಯಬೇಕಿತ್ತು. ಕಂಪನಿ ಕೊಟ್ಟ ದೊಡ್ಡ ಮೊತ್ತದಲ್ಲಿ ನೌಕರನ ಕೈಗೆ ಸೇರುತ್ತಿದ್ದದ್ದು ಚಿಕ್ಕ ಪಾಲು. ಇದನ್ನು ನೋಡಿ ಕಂಪನಿಗೂ ಸಿಟ್ಟು, ನೌಕರನಿಗೂ ಸಿಟ್ಟು.

'ಕಬ್ಬಿಣದ ಬಟ್ಟಲು' ಒಡೆದಾಗ ಕಾರ್ಮಿಕರು ಸುಮ್ಮನಿದ್ದರೇ?

ಇರಲಿಲ್ಲ. 1986ರಲ್ಲಿ ಹೊಸ ನೇಮಕಾತಿಗಳಿಗೆ ಕರಾರು ಪದ್ಧತಿ ಬಂತು. 1997ರಲ್ಲಿ 'ದೊಡ್ಡದನ್ನು ಹಿಡಿ, ಚಿಕ್ಕದನ್ನು ಬಿಡು' ಎಂಬ, ದೊಡ್ಡ ಸರ್ಕಾರಿ ಉದ್ಯಮಗಳನ್ನು ಉಳಿಸಿಕೊಂಡು ಚಿಕ್ಕವನ್ನು ಕೈಬಿಡುವ ನೀತಿಯನ್ನು ಪಕ್ಷ ಒಪ್ಪಿದ ಮೇಲೆ ಸರ್ಕಾರಿ ಕಾರ್ಖಾನೆಗಳಿಂದ ಕೋಟಿಗಟ್ಟಲೆ ಜನ ಹೊರಬಿದ್ದರು. 1998ರಲ್ಲಿ ಘಟಕಗಳು ಮನೆ ಹಂಚುವುದೂ ನಿಂತಿತು. 2002ರ ಮಾರ್ಚ್‌ನಲ್ಲಿ ಈಶಾನ್ಯದ ದಾಚಿಂಗ್ ತೈಲ ನಗರದಲ್ಲೂ ಲಿಯಾವೊಯಾಂಗ್‌ನಲ್ಲೂ ಹತ್ತಾರು ಸಾವಿರ ಕಾರ್ಮಿಕರು ಬೀದಿಗಿಳಿದರು. ದಾಚಿಂಗ್ ಸಾಮಾನ್ಯ ಊರಲ್ಲ. 'ಕೈಗಾರಿಕೆಯಲ್ಲಿ ದಾಚಿಂಗ್‌ನಿಂದ ಕಲಿಯಿರಿ' ಎಂದು ಮಾವೊ ಹೇಳಿದ್ದ ಊರು.

ಈ ನೋವಿಗೆ ವಿದೇಶಿ ಕಂಪನಿಗಳು ನೇರ ಕಾರಣವಲ್ಲ. ತಿರುವು ಬಂದದ್ದು ಆಮೇಲೆ. 2006ರಲ್ಲಿ ಹೊಸ ಕಾರ್ಮಿಕ ಕರಾರು ಕಾನೂನಿನ ಕರಡು ಹೊರಬಂದಾಗ ಸಾರ್ವಜನಿಕರಿಂದ 1,90,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಕಾರ್ಮಿಕರಿಗೆ ರಕ್ಷಣೆ ಅತಿಯಾಯಿತು ಎಂದು ತಕರಾರು ಎತ್ತಿದವರಲ್ಲಿ ಶಾಂಘೈನ ಅಮೆರಿಕನ್ ವಾಣಿಜ್ಯ ಸಂಘವೂ ಇತ್ತು. ಊರಿಗೆಲ್ಲ ಮಾನವ ಹಕ್ಕಿನ ಉಪದೇಶ ಮಾಡುವ ದೇಶಗಳ ಕಂಪನಿಗಳು, ನೌಕರನನ್ನು ತೆಗೆಯುವುದು ಕಷ್ಟವಾಗುತ್ತದೆ ಎಂದು ಕಮ್ಯುನಿಸ್ಟ್ ಸರ್ಕಾರದ ಮುಂದೆ ಅಳಲು ತೋಡಿಕೊಂಡವು. ಕಾನೂನು 2008ರ ಜನವರಿ 1ರಿಂದ ಜಾರಿಗೆ ಬಂತು.

ಯೂನಿಯನ್ ಎಂದರೆ ಮುಖ ಸಿಂಡರಿಸುವ ವಾಲ್‌ಮಾರ್ಟ್ ಚೀನಾದಲ್ಲಿ ಏನು ಮಾಡಿತು?

ಹತ್ತು ವರ್ಷ ತಪ್ಪಿಸಿಕೊಂಡಿತು. 1996ರಲ್ಲಿ ಶೆನ್‌ಝೆನ್‌ನಲ್ಲಿ ಮೊದಲ ಮಳಿಗೆ. ಅಖಿಲ ಚೀನಾ ಕಾರ್ಮಿಕ ಸಂಘಗಳ ಒಕ್ಕೂಟ ಎಷ್ಟು ಕೇಳಿದರೂ 'ನೌಕರರು ಕೇಳಿಲ್ಲ' ಎಂಬ ಉತ್ತರ. 25 ಸದಸ್ಯರು ಸೇರಿದರೆ ಶಾಖೆ ತೆರೆಯಬಹುದು ಎಂಬ ಕಾನೂನನ್ನು ಹಿಡಿದು ಒಕ್ಕೂಟದವರು ನೌಕರರನ್ನು ಮಳಿಗೆಯ ಹೊರಗೆ, ಗುಟ್ಟಾಗಿ ಭೇಟಿಯಾಗತೊಡಗಿದರು. ಆಳುವ ಪಕ್ಷದ ಅಧಿಕೃತ ಸಂಘ ತನ್ನದೇ ದೇಶದಲ್ಲಿ ಭೂಗತ ಸಂಘಟಕರಂತೆ ಓಡಾಡಬೇಕಾಯಿತು. 2006ರ ಜುಲೈ ಕೊನೆಯಲ್ಲಿ ಫುಜಿಯಾನ್ ಪ್ರಾಂತ್ಯದ ಚುವಾನ್‌ಝೋ ನಗರದ ಮಳಿಗೆಯಲ್ಲಿ ಮೊದಲ ಶಾಖೆಯಾಯಿತು. ಕೆಲವೇ ವಾರಗಳಲ್ಲಿ ಕಂಪನಿ ಉಳಿದೆಡೆಗೂ ಒಪ್ಪಿತು.

ಒಪ್ಪಿದ್ದು ಏಕೆಂದರೆ, ಈ ಸಂಘ ಅಮೆರಿಕದ ಸಂಘಗಳಂತಲ್ಲ ಎಂದು ಕಂಪನಿಗೆ ಅರಿವಾಗಿತ್ತು. ಸಂಬಳದ ಮೊತ್ತದ ಶೇ 2ರಷ್ಟನ್ನು ಮಾಲೀಕನೇ ಸಂಘಕ್ಕೆ ಕೊಡುತ್ತಾನೆ; ಹಲವು ಕಡೆ ಮ್ಯಾನೇಜರನೇ ಅಧ್ಯಕ್ಷ. ಅಪವಾದವೂ ಉಂಟು: 2014ರಲ್ಲಿ ಹುನಾನ್‌ನ ಚಾಂಗ್‌ಡೆ ಮಳಿಗೆ ಮುಚ್ಚಿದಾಗ ಅಲ್ಲಿನ ಶಾಖೆ ಪರಿಹಾರಕ್ಕಾಗಿ ನಿಜವಾಗಿಯೇ ಹೋರಾಡಿತು.

## ಊಟ, ಅಂಗಡಿ, ಮನೆ

ಬೆಂಗಳೂರಿನಲ್ಲಿ ಕೆಎಫ್‌ಸಿ ಮೇಲೆ ರೈತರು ದಾಳಿ ಮಾಡಿದರು. ಬೀಜಿಂಗ್‌ನಲ್ಲಿ ಜನ ಸಾಲು ನಿಂತರು. ಇದೇಕೆ ಹೀಗೆ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದೇ. 1987ರ ನವೆಂಬರ್ 12ರಂದು ತಿಯಾನನ್‌ಮೆನ್ ಚೌಕದ ಪಕ್ಕದ ಚಿಯಾನ್‌ಮೆನ್‌ನಲ್ಲಿ ಮೂರು ಮಹಡಿಯ ಕೆಎಫ್‌ಸಿ ತೆರೆಯಿತು. ಚೌಕದಲ್ಲಿ ಮಾವೊ ಸಮಾಧಿ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆಎಫ್‌ಸಿಯ ಗುರುತಾದ ಅಮೆರಿಕನ್ ಕರ್ನಲ್‌ನ ಚಿತ್ರ. ಚಳಿಯಲ್ಲಿ ಜನ ಸಾಲುಗಟ್ಟಿದರು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆದದ್ದು 1995ರ ಜೂನ್‌ನಲ್ಲಿ. ಕೆಲವೇ ತಿಂಗಳಲ್ಲಿ ರುಚಿವರ್ಧಕ ಪುಡಿ ಮಿತಿ ಮೀರಿದೆ ಎಂದು ನಗರಪಾಲಿಕೆ ಅದನ್ನು ಮುಚ್ಚಿಸಿತು, ನ್ಯಾಯಾಲಯದ ಮೊರೆಹೊಕ್ಕು ಮತ್ತೆ ತೆರೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘದ ಕಾರ್ಯಕರ್ತರು ಒಳನುಗ್ಗಿ ಪುಡಿಗಟ್ಟಿದರು.

ಚೀನೀಯರು ಕೋಳಿ ತಿನ್ನುವವರು, ನಾವು ಸಸ್ಯಾಹಾರಿಗಳು ಎಂಬ ಉತ್ತರ ಕೆಲಸಕ್ಕೆ ಬಾರದು. ಬೆಂಗಳೂರಿನಲ್ಲಿ ಕೋಳಿ ತಿನ್ನುವವರಿಗೆ ಕೊರತೆಯೇ? ನಿಜವಾದ ವ್ಯತ್ಯಾಸ ಪಾಲುದಾರರಲ್ಲಿದೆ. ಬೀಜಿಂಗ್ ಕೆಎಫ್‌ಸಿಯಲ್ಲಿ ಕಂಪನಿಯ ಜೊತೆ ಪಾಲು ಹೊಂದಿದ್ದವರು ನಗರದ ಪ್ರವಾಸೋದ್ಯಮ ಸಂಸ್ಥೆ ಮತ್ತು ಪಶು ಉತ್ಪನ್ನಗಳ ಸರ್ಕಾರಿ ನಿಗಮ. ಮುಚ್ಚಿಸಬಹುದಾದ ಕೈಗಳೇ ಲಾಭ ಎಣಿಸುತ್ತಿದ್ದವು. ಇಲ್ಲಿ ನಗರಪಾಲಿಕೆ, ನ್ಯಾಯಾಲಯ, ರೈತ ಸಂಘ, ಪತ್ರಿಕೆಗಳು ಒಂದೊಂದೂ ತನ್ನದೇ ದಾರಿ ಹಿಡಿದವು. ನಂಜುಂಡಸ್ವಾಮಿಯವರ ವಾದದ ತಿರುಳು ಬೀಜ, ಮೇವು, ಸಾಕಣೆಯ ಮೇಲೆ ಬಹುರಾಷ್ಟ್ರೀಯ ಕಂಪನಿಗಳ ಹಿಡಿತ. ಆ ಆತಂಕ ಚೀನೀ ರೈತನಿಗೂ ಇದ್ದಿರಬಹುದು. ಅದನ್ನು ಹೊತ್ತು ರಾಜಧಾನಿಗೆ ಬರುವ ಸ್ವತಂತ್ರ ಸಂಘ ಅವನಿಗಿರಲಿಲ್ಲ. ಬೀಜಿಂಗಿನ ಸಾಲನ್ನು ಮಾತ್ರ ನೋಡಿ 'ಚೀನೀಯರು ಖುಷಿಯಿಂದ ಒಪ್ಪಿಕೊಂಡರು' ಎಂದು ಬರೆಯುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ.

ಸಾಲು ನಿಂತವರಿಗೆ ಕೋಳಿಯಷ್ಟೇ ಮುಖ್ಯವಾದದ್ದು ಬೇರೊಂದಿತ್ತು: ಗಿರಾಕಿಯನ್ನು ನೋಡಿ ನಗುವ ಮಾರಾಟಗಾರ್ತಿ. ಸರ್ಕಾರಿ ಹೋಟೆಲುಗಳಲ್ಲಿ ತಟ್ಟೆಯನ್ನು ಟಪ್ಪೆಂದು ಇಟ್ಟು 'ಇಲ್ಲ' ಎನ್ನುವುದೇ ರೂಢಿಯಾಗಿತ್ತು. ಶುಚಿಯಾದ ಶೌಚಾಲಯವೂ ಜನರ ಬಾಯಲ್ಲಿ ಸುದ್ದಿಯಾಯಿತು.

ಮೆಕ್‌ಡೊನಾಲ್ಡ್ಸ್ ಚೀನೀಯರನ್ನು ಬದಲಿಸಿತೇ, ಅವರೇ ಅದನ್ನು ಬದಲಿಸಿದರೇ?

'ಬೇಗ ತಿನ್ನಿ, ಬೇಗ ಎದ್ದೇಳಿ' ಎಂಬ ಲೆಕ್ಕದಲ್ಲಿ ಕಟ್ಟಿದ ಅಂಗಡಿಯನ್ನು ಬೀಜಿಂಗಿನವರು ಕೂತು ಹರಟುವ ಜಾಗ ಮಾಡಿಕೊಂಡರು. ವಿದ್ಯಾರ್ಥಿಗಳು ಪಾಠ ಓದಿದರು, ಪ್ರೇಮಿಗಳು ಗಂಟೆಗಟ್ಟಲೆ ಕೂತರು. ಒಂಟಿ ಮಗುವಿನ ನೀತಿಯ ಕಾಲ ಬೇರೆ. ಅಪ್ಪ, ಅಮ್ಮ, ಇಬ್ಬರು ಅಜ್ಜ, ಇಬ್ಬರು ಅಜ್ಜಿ ಸೇರಿ ಒಂದೇ ಕೂಸಿನ ಹುಟ್ಟುಹಬ್ಬಕ್ಕೆ ಅಲ್ಲಿಗೆ ಬರುತ್ತಿದ್ದರು. ಹಿರಿಯರ ದೀರ್ಘಾಯುಷ್ಯವನ್ನು ಹರಸುವ ಹಬ್ಬಕ್ಕೆ ಹೆಸರಾದ ಸಮಾಜದಲ್ಲಿ ಮಗುವಿನ ಹುಟ್ಟುಹಬ್ಬ ಊಟದ ಕೇಂದ್ರಕ್ಕೆ ಬಂತು. ನನ್ನ ಪ್ರಕಾರ ಬರ್ಗರ್‌ಗಿಂತ ದೊಡ್ಡ ಬದಲಾವಣೆ ಅದು.

ಐಕಿಯಾದ ಕಥೆ ಇನ್ನೂ ಮಜವಾದದ್ದು. 1998ರಲ್ಲಿ ಶಾಂಘೈಗೆ ಬಂದ ಈ ಸ್ವೀಡನ್ನಿನ ಪೀಠೋಪಕರಣ ಮಳಿಗೆಯಲ್ಲಿ ಗಿರಾಕಿಗಳು ಪ್ರದರ್ಶನದ ಮಂಚದ ಮೇಲೆ ಹೊದಿಕೆ ಎಳೆದುಕೊಂಡು ಮಧ್ಯಾಹ್ನದ ನಿದ್ದೆ ಮಾಡತೊಡಗಿದರು. ಸದಸ್ಯರಿಗೆ ಕೊಡುವ ಉಚಿತ ಕಾಫಿಯ ಆಸೆಗೆ ಸಂಗಾತಿ ಹುಡುಕುವ ಹಿರಿಯರು ಅಲ್ಲಿನ ಊಟದ ಮನೆಯಲ್ಲಿ ನಿಯಮಿತವಾಗಿ ಸೇರಿದರು. 2016ರಲ್ಲಿ, ಊಟ ಕೊಂಡವರಿಗಷ್ಟೇ ಕುರ್ಚಿ ಎಂದು ಮಳಿಗೆ ಫಲಕ ಹಾಕಬೇಕಾಯಿತು. ವಯಸ್ಸಾದ ವಿಧವೆ, ವಿಧುರರು ಮಾತನಾಡಲು ಮತ್ತೆಲ್ಲಿಗೆ ಹೋಗಬೇಕು ಎಂದು ಆಗ ಕೇಳಿದವರೂ ಇದ್ದರು. ದಾನ್‌ವೇಯ್ ಕಾಂಪೌಂಡಿನಲ್ಲಿ ಅಂಥವರು ಸೇರಲು ಒಂದು ಜಾಗವಿತ್ತು.

ಹೋಮ್ ಡಿಪೊ ಏಕೆ ನೆಲಕಚ್ಚಿತು?

ಮನೆ ದುರಸ್ತಿಯ ಸಾಮಾನು ಮಾರುವ ಅಮೆರಿಕದ ಮಳಿಗೆ ಸರಣಿ ಅದು. ಸರಳ ಕಾರಣ. ಅಮೆರಿಕದಲ್ಲಿ ಕೂಲಿ ದುಬಾರಿ, ಆದ್ದರಿಂದ ಮನೆಯ ಯಜಮಾನನೇ ಸುತ್ತಿಗೆ ಹಿಡಿಯುತ್ತಾನೆ. ಚೀನಾದಲ್ಲಿ ಹಳ್ಳಿಯಿಂದ ಬಂದ ಕುಶಲಕರ್ಮಿ ಕಡಿಮೆ ಕೂಲಿಗೆ ಸಿಗುತ್ತಿದ್ದ. ಸ್ವಂತ ಫ್ಲ್ಯಾಟ್ ಕೊಂಡ ಮಧ್ಯಮ ವರ್ಗದವನು ಗೋಡೆಗೆ ತಾನೇ ಬಣ್ಣ ಬಳಿಯುವುದೇ? 2006ರಲ್ಲಿ ಸ್ಥಳೀಯ ಸರಣಿಯೊಂದರ ಮಳಿಗೆಗಳನ್ನು ಕೊಂಡು ಬಂದ ಕಂಪನಿ 2012ರಲ್ಲಿ ದೊಡ್ಡ ಮಳಿಗೆಗಳನ್ನೆಲ್ಲ ಮುಚ್ಚಿತು.

ಆಮ್ವೇ, ಏವಾನ್‌ಗಳನ್ನು ಚೀನಾ ನಿಷೇಧಿಸಿತ್ತಂತೆ, ನಿಜವೇ?

ಕಂಪನಿಗಳನ್ನಲ್ಲ, ಅವು ಮಾರುತ್ತಿದ್ದ ವಿಧಾನವನ್ನು. ಮನೆಮನೆಗೆ ಹೋಗಿ ಮಾರುವ, ಕೆಳಗೆ ಜನರನ್ನು ಸೇರಿಸಿ ಕಮಿಷನ್ ಪಡೆಯುವ ವ್ಯಾಪಾರ, ಕೆಲಸ ಕಳೆದುಕೊಂಡವರು ತುಂಬಿದ್ದ ಊರುಗಳಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತ್ತು. ಅದರ ನೆರಳಲ್ಲಿ ನಕಲಿ ಪಿರಮಿಡ್ ಕಂಪನಿಗಳೂ ಹುಟ್ಟಿ ಬಡವರ ಉಳಿತಾಯ ನುಂಗಿದವು. 1998ರ ಏಪ್ರಿಲ್‌ನಲ್ಲಿ ಸರ್ಕಾರ ನೇರ ಮಾರಾಟವನ್ನೇ ನಿಷೇಧಿಸಿತು. ಹಣದ ವಂಚನೆಯಷ್ಟೇ ಅದಕ್ಕೆ ಚಿಂತೆಯಾಗಿರಲಿಲ್ಲ; ಸಭಾಂಗಣ ತುಂಬ ಜನ ಸೇರಿಸಿ, ಘೋಷಣೆ ಕೂಗಿಸಿ, ಕಣ್ಣೀರು ಹಾಕಿಸುವ ಸಭೆಗಳೂ ಅದನ್ನು ಬೆಚ್ಚಿಬೀಳಿಸಿದ್ದವು. ಹಾಗೆ ಜನರನ್ನು ಸೇರಿಸುವ ಕೆಲಸ ಪಕ್ಷಕ್ಕೆ ಮಾತ್ರ ಮೀಸಲು.

ಆಮ್ವೇ ಅಂಗಡಿಗಳನ್ನು ತೆರೆದು ಉಳಿದುಕೊಂಡಿತು. ಅದಕ್ಕೆ ಮೊದಲೇ ಒಂದು ಪೆಟ್ಟು ತಿಂದಿತ್ತು. 'ಇಷ್ಟವಾಗದಿದ್ದರೆ ಪೂರ್ತಿ ಹಣ ವಾಪಸ್' ಎಂಬ ಅದರ ಭರವಸೆಯನ್ನು ಅಕ್ಷರಶಃ ತೆಗೆದುಕೊಂಡ ಶಾಂಘೈ ಜನ ಸೋಪಿನ ನೀರನ್ನು ಬೇರೆ ಪಾತ್ರೆಗೆ ಸುರಿದುಕೊಂಡು, ಖಾಲಿ ಬಾಟಲಿ ಹಿಡಿದು ಹಣ ಕೇಳಲು ಬಂದರು. ನಿಯಮದಲ್ಲಿ ಬಾಟಲಿ ತುಂಬಿರಬೇಕೆಂದು ಎಲ್ಲಿ ಬರೆದಿತ್ತು?

## ಗೌರವ, ಕರಾರು, ಸಿಟ್ಟು

ಅರಮನೆಯೊಳಗಿನ ಸ್ಟಾರ್‌ಬಕ್ಸ್ ಅನ್ನು ಓಡಿಸಿದ್ದು ಜನರೇ, ಸರ್ಕಾರವೇ?

ಬೀಜಿಂಗಿನ ನಿಷಿದ್ಧ ನಗರಿಯೊಳಗೆ 2000ದಲ್ಲಿ ಪುಟ್ಟ ಸ್ಟಾರ್‌ಬಕ್ಸ್ ತೆರೆಯಲು ಜಾಗ ಕೊಟ್ಟದ್ದು ಅರಮನೆಯ ವಸ್ತುಸಂಗ್ರಹಾಲಯದ ಆಡಳಿತವೇ. ನಿರ್ವಹಣೆಗೆ ಹಣ ಬೇಕಿತ್ತು. ಆಗಲೇ ಗೊಣಗಾಟವಿತ್ತು, ನಂತರ ಹೊರಗಿನ ಫಲಕ ತೆಗೆದರು. 2007ರ ಜನವರಿಯಲ್ಲಿ ಸರ್ಕಾರಿ ಟಿವಿಯ ನಿರೂಪಕ ರುಯಿ ಚೆಂಗಾಂಗ್ ತಮ್ಮ ಬ್ಲಾಗ್‌ನಲ್ಲಿ ಅದನ್ನು ಚೀನೀ ಸಂಸ್ಕೃತಿಗೆ ಅಪಮಾನ ಎಂದು ಬರೆದ ಮೇಲೆ ಕಿಡಿ ಹೊತ್ತಿತು. ಸಂಗ್ರಹಾಲಯ ಒಂದು ನಡುದಾರಿ ಸೂಚಿಸಿತು: ತನ್ನ ಹೆಸರಿನ ಅಂಗಡಿಯಲ್ಲಿ ಬೇರೆ ಪಾನೀಯಗಳ ಜೊತೆ ಸ್ಟಾರ್‌ಬಕ್ಸ್ ಕಾಫಿಯನ್ನೂ ಮಾರಬಹುದು. ಕಂಪನಿ ಒಪ್ಪದೆ ಜುಲೈನಲ್ಲಿ ಹೊರಟಿತು. ಅದೇ ನಗರದಲ್ಲಿ ಅದರ ಉಳಿದ ಅಂಗಡಿಗಳು ತುಂಬಿ ತುಳುಕುತ್ತಿದ್ದವು. ತಕರಾರು ಕಾಫಿಯ ಮೇಲಲ್ಲ, ಗೋಡೆಯ ಯಾವ ಬದಿಯಲ್ಲಿ ಎಂಬುದರ ಮೇಲೆ.

ಚೀನಾದಲ್ಲಿ ಕರಾರಿಗಿಂತ 'ಗ್ವಾನ್‌ಶಿ'ಯೇ ಮುಖ್ಯ ಎನ್ನುತ್ತಾರೆ. ಎಷ್ಟು ನಿಜ?

ಗ್ವಾನ್‌ಶಿ ಎಂದರೆ ಪರಸ್ಪರ ಋಣದ ಮೇಲೆ ನಿಂತ ಸಂಬಂಧ. ಅದರ ಬಗ್ಗೆ ವಿಮಾನ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಸಿಗುವ ಕೈಪಿಡಿಗಳು ಹುಟ್ಟಿಸಿದಷ್ಟು ನಿಗೂಢತೆ ಅದಕ್ಕಿಲ್ಲ. ಕೊರತೆಯ ಕಾಲದಲ್ಲಿ ರೈಲು ಟಿಕೆಟ್‌ಗೂ ಮಾಂಸಕ್ಕೂ ಪರಿಚಯಸ್ಥರು ಬೇಕಿತ್ತು, ನ್ಯಾಯಾಲಯಗಳು ದುರ್ಬಲವಾಗಿದ್ದವು. ಹೆಸರಿಗೆ ಕರಾರುಗಳಿದ್ದವು, ಅವನ್ನು ಕಾಯುವವರು ಇರಲಿಲ್ಲ.

ಎರಡು ಪ್ರಕರಣ ನೋಡಿ. ಬೀಜಿಂಗಿನ ವಾಂಗ್‌ಫುಜಿಂಗ್‌ನಲ್ಲಿ 1992ರ ಏಪ್ರಿಲ್‌ನಲ್ಲಿ ತೆರೆದ ಮೆಕ್‌ಡೊನಾಲ್ಡ್ಸ್ 700 ಆಸನಗಳ ಬೃಹತ್ ಅಂಗಡಿ. ಕೈಯಲ್ಲಿ 20 ವರ್ಷದ ಗುತ್ತಿಗೆ. ಎರಡೇ ವರ್ಷದಲ್ಲಿ ಹಾಂಗ್‌ಕಾಂಗ್ ಉದ್ಯಮಿ ಲೀ ಕಾ-ಶಿಂಗ್ ಅವರ ಕಟ್ಟಡ ಸಂಕೀರ್ಣಕ್ಕೆ ಆ ಜಾಗ ಬಿಡಲು ನಗರಾಡಳಿತ ಹೇಳಿತು. ಕಂಪನಿ ಪಟ್ಟು ಹಿಡಿಯಿತು, ಕೊನೆಗೆ 1996ರ ಕೊನೆಯಲ್ಲಿ ಜಾಗ ಬಿಟ್ಟಿತು. ಇನ್ನೊಂದು, ಫ್ರಾನ್ಸಿನ ಆಹಾರ ಕಂಪನಿ ಡ್ಯಾನೋನ್ ಮತ್ತು ಪಾನೀಯ ಕಂಪನಿಯಾದ ಹಾಂಗ್‌ಝೋನ ವಾಹಾಹಾ. 1996ರಲ್ಲಿ ಶುರುವಾದ ಜಂಟಿ ಉದ್ಯಮಗಳಲ್ಲಿ ಡ್ಯಾನೋನ್ ಪಾಲು ಮುಂದೆ ಶೇ 51 ಆಯಿತು. ಪಾಲುದಾರ ಝೋಂಗ್ ಚಿಂಗ್‌ಹೌ ಅದೇ ಬ್ರ್ಯಾಂಡಿನಡಿ ಹೊರಗೆ ಬೇರೆ ಕಂಪನಿಗಳನ್ನು ನಡೆಸುತ್ತಿದ್ದಾರೆ ಎಂದು 2007ರಲ್ಲಿ ಜಗಳ ಬೀದಿಗೆ ಬಂತು. ಡ್ಯಾನೋನ್ ಕಾಗದ ತೋರಿಸಿತು. ಝೋಂಗ್ 'ರಾಷ್ಟ್ರೀಯ ಬ್ರ್ಯಾಂಡನ್ನು ವಿದೇಶಿಯರು ನುಂಗುತ್ತಿದ್ದಾರೆ' ಎಂದರು, ನೌಕರರು ಅವರ ಬೆನ್ನಿಗೆ ನಿಂತರು. 2009ರಲ್ಲಿ ಡ್ಯಾನೋನ್ ತನ್ನ ಪಾಲು ಮಾರಿ ಹೊರನಡೆಯಿತು. ಸಂಬಂಧವೂ ಉಳಿಯಲಿಲ್ಲ, ಕರಾರೂ ಉಳಿಯಲಿಲ್ಲ. ಗ್ವಾನ್‌ಶಿ ಇದ್ದರೆ ಸಾಕು ಎನ್ನುವ ಕೈಪಿಡಿಗಳಲ್ಲಿ ಈ ಅಧ್ಯಾಯ ಇರುವುದಿಲ್ಲ.

ಜಾಹೀರಾತುಗಳ ಮೇಲೆ ಚೀನೀಯರಿಗೆ ಅಷ್ಟು ಬೇಗ ಸಿಟ್ಟು ಬರುವುದೇಕೆ?

ಎಲ್ಲ ಸಿಟ್ಟೂ ಒಂದೇ ಜಾತಿಯದಲ್ಲ. 2018ರ ನವೆಂಬರ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಡೋಲ್ಚೆ ಅಂಡ್ ಗಬ್ಬಾನ, ಚೀನೀ ಯುವತಿಯೊಬ್ಬಳು ಚಾಪ್‌ಸ್ಟಿಕ್‌ನಲ್ಲಿ ಪಿಜ್ಜಾ ತಿನ್ನಲು ಒದ್ದಾಡುವ ವಿಡಿಯೊ ಬಿಟ್ಟಿತು. ಶಾಂಘೈ ಪ್ರದರ್ಶನ ರದ್ದಾಯಿತು. ಅಲ್ಲಿ ಹೀಯಾಳಿಕೆ ಕಣ್ಣಿಗೆ ಕಟ್ಟುವಂತಿತ್ತು, ಸಿಟ್ಟು ಕೆಳಗಿನಿಂದಲೇ ಎದ್ದಿತು. 2021ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಬಟ್ಟೆ ಕಂಪನಿ ಎಚ್ ಅಂಡ್ ಎಂ ವಿರುದ್ಧ ಎದ್ದ ಬಿರುಗಾಳಿ ಬೇರೆ. ಶಿನ್‌ಜಿಯಾಂಗ್ ಪ್ರದೇಶದ, ಬಲವಂತದ ದುಡಿಮೆಯ ಆರೋಪ ಹೊತ್ತಿದ್ದ ಹತ್ತಿಯ ಬಗ್ಗೆ ಕಂಪನಿ ಹಿಂದಿನ ವರ್ಷವೇ ಕೊಟ್ಟಿದ್ದ ಹೇಳಿಕೆಯನ್ನು ಹುಡುಕಿ ಎತ್ತಿದ್ದು ಕಮ್ಯುನಿಸ್ಟ್ ಯುವ ಸಂಘ. ದಿನದೊಳಗೆ ಮಳಿಗೆಗಳು ನಕ್ಷೆಯ ಆ್ಯಪ್‌ಗಳಿಂದಲೂ ಮಾಯವಾದವು. ಸಿಟ್ಟು ಬಂದದ್ದು ಯಾರಿಗೆ ಎಂಬುದರ ಜೊತೆ, ಗಾಳಿ ಹಾಕಿದ್ದು ಯಾರು ಎಂದೂ ಕೇಳಬೇಕು.

## ಇನ್ನೂ ಆಳಕ್ಕೆ

ಇದಕ್ಕೆಲ್ಲ ಮೂಲ ಕನ್‌ಫ್ಯೂಷಿಯಸ್ ಅಲ್ಲವೇ? ಅವರ ಸ್ವಭಾವವೇ ಹಾಗೆ ಎನ್ನುತ್ತಾರಲ್ಲ?

ಹಾಂಗ್‌ಕಾಂಗ್ ಮತ್ತು ತೈವಾನ್‌ನವರಿಗೂ ಕನ್‌ಫ್ಯೂಷಿಯಸ್ ಅವನೇ. ಶೆನ್‌ಝೆನ್‌ಗೆ ಮೊದಲು ಬಂದ ಬಂಡವಾಳದಲ್ಲಿ ಬಹುಪಾಲು ಹಾಂಗ್‌ಕಾಂಗಿನದು. ಅಲ್ಲಿಂದ ಬಂದ ಮ್ಯಾನೇಜರ್‌ಗಳೂ ಮುಖ್ಯಭೂಮಿಯ ಕಾರ್ಮಿಕರ ಬಗ್ಗೆ ಅಮೆರಿಕನ್ನರು ಹೇಳಿದ್ದನ್ನೇ ಹೇಳಿದರು: ಹೇಳದೆ ಏನೂ ಮಾಡುವುದಿಲ್ಲ, ಜವಾಬ್ದಾರಿ ಹೊರುವುದಿಲ್ಲ, ಮಧ್ಯಾಹ್ನ ಮಲಗುತ್ತಾರೆ. 1990ರ ನಂತರ ಪಶ್ಚಿಮ ಜರ್ಮನಿಯವರು ಪೂರ್ವ ಜರ್ಮನಿಯ ಕಾರ್ಮಿಕರ ಮೇಲೆ ಹೊರಿಸಿದ ದೂರುಗಳೂ ಹೆಚ್ಚುಕಡಿಮೆ ಇವೇ. ಒಂದೇ ಭಾಷೆ, ಒಂದೇ ಇತಿಹಾಸದವರ ನಡುವೆಯೂ ಈ ಜಗಳ ಎದ್ದರೆ, ಅದನ್ನು ಎರಡೂವರೆ ಸಾವಿರ ವರ್ಷ ಹಿಂದಿನ ಋಷಿಯ ತಲೆಗೆ ಕಟ್ಟುವುದು ಅನ್ಯಾಯ.

ದಾನ್‌ವೇಯ್‌ನಲ್ಲಿ ಮುಂದಾಳುತನ ತೋರಿದವನಿಗೆ ಸಿಗುತ್ತಿದ್ದದ್ದು ಬಹುಮಾನವಲ್ಲ, ಮುಂದಿನ ರಾಜಕೀಯ ಚಳವಳಿಯಲ್ಲಿ ಆಪಾದನೆ. ಸುಮ್ಮನಿರುವುದು ಅಲ್ಲಿ ಸೋಮಾರಿತನವಲ್ಲ, ವಿವೇಕ. ಅದು ಮೂವತ್ತು ವರ್ಷದ ಅಭ್ಯಾಸ, ಆದ್ದರಿಂದಲೇ ಮುಂದಿನ ಮೂವತ್ತು ವರ್ಷದಲ್ಲಿ ಬದಲಾಯಿತು. ಸಂಸ್ಕೃತಿ ಎಂಬ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸಭೆಯಲ್ಲಿ ಹಿರಿಯರ ತಪ್ಪನ್ನು ಎಲ್ಲರೆದುರು ಎತ್ತಿ ತೋರಿಸಬಾರದು, ಮುಖ ಉಳಿಸಬೇಕು ಎಂಬುದು ಹಾಂಗ್‌ಕಾಂಗ್‌ನಲ್ಲೂ ಇದೆ, ಶಾಂಘೈನಲ್ಲೂ ಇದೆ. ಧಾರವಾಡದಲ್ಲಿ ಇಲ್ಲವೇ?

ಈಗ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ ದುಡಿಸುವ '996' ಪದ್ಧತಿ ಬಂದದ್ದು ಪಾಶ್ಚಾತ್ಯರಿಂದಲೇ?

ಅಲ್ಲ. ಬೆಳೆಸಿದ್ದು ಚೀನಾದ್ದೇ ತಂತ್ರಜ್ಞಾನ ಕಂಪನಿಗಳು. 2019ರಲ್ಲಿ ಅಲಿಬಾಬಾದ ಜಾಕ್ ಮಾ ಅದನ್ನು ಭಾಗ್ಯವೆಂಬಂತೆ ಹೊಗಳಿದಾಗ ಯುವಜನ ರೇಗಿದರು. ವಿದೇಶಿ ಕಂಪನಿಯ ಕೆಲಸ ಅಲ್ಲಿ ಈಗ ಅನೇಕರಿಗೆ ಸಮಯಕ್ಕೆ ಮನೆ ಸೇರಬಹುದಾದ ಕೆಲಸ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಪೀಪಲ್ಸ್ ಕೋರ್ಟ್ 996 ಕಾನೂನುಬಾಹಿರ ಎಂದು ಸ್ಪಷ್ಟಪಡಿಸಿತು. ಅದೇ ವರ್ಷ 'ಮಲಗಿಬಿಡು' ಎಂಬ ಮಾತು ಯುವಕರ ನಡುವೆ ಹರಡಿತ್ತು: ಮನೆ ಕೊಳ್ಳುವುದಿಲ್ಲ, ಮದುವೆಯಾಗುವುದಿಲ್ಲ, ಬೇಕಾದಷ್ಟೇ ದುಡಿಯುತ್ತೇನೆ. ಸರ್ಕಾರಿ ಮಾಧ್ಯಮಗಳು ಅದನ್ನು ನಾಚಿಕೆಗೇಡು ಎಂದು ಬೈದವು. ಶೆಕೋ ಫಲಕವನ್ನು ಮೆಚ್ಚಿದ ಪಕ್ಷಕ್ಕೆ ಬೈಯದೆ ಬೇರೆ ದಾರಿ ಇರಲಿಲ್ಲ.

ವಿದೇಶಿ ಕಂಪನಿಯೊಳಗೂ ಕಮ್ಯುನಿಸ್ಟ್ ಪಕ್ಷದ ಶಾಖೆ ಇರುತ್ತದಂತೆ. ಅದು ಮಾಡುವುದಾದರೂ ಏನು?

ಇರುತ್ತದೆ. ಮೂವರು ಪಕ್ಷದ ಸದಸ್ಯರಿದ್ದರೆ ಶಾಖೆ ತೆರೆಯಬಹುದು. ಕಂಪನಿ ಕಾನೂನು ಅದಕ್ಕೆ ಅನುಕೂಲ ಮಾಡಿಕೊಡಬೇಕೆಂದು ಹೇಳುತ್ತದೆ. ಶಾಂಘೈನ ಡಿಸ್ನಿ ರೆಸಾರ್ಟ್‌ನಲ್ಲೂ ಪಕ್ಷದ ಸದಸ್ಯರು ಸಂಘಟಿತರಾಗಿದ್ದಾರೆ. ಬಹುತೇಕ ಕಡೆ ಶಾಖೆಯ ಕೆಲಸ ನೀರಸವಾದದ್ದು: ನಾಯಕರ ಭಾಷಣಗಳ ಅಧ್ಯಯನ, ಕ್ರಾಂತಿಯ ಸ್ಮಾರಕಗಳಿಗೆ ಪ್ರವಾಸ, ನೌಕರರಿಗೆ ಸ್ಪರ್ಧೆಗಳು. ವರ್ಷಗಟ್ಟಲೆ ವಿದೇಶಿ ಮ್ಯಾನೇಜರ್‌ಗಳು ಅದನ್ನು ಸಿಬ್ಬಂದಿ ಮನರಂಜನಾ ಕೂಟದಂತೆ ನೋಡಿ ಒಂದು ಕೊಠಡಿ ಬಿಟ್ಟುಕೊಟ್ಟು ಸುಮ್ಮನಿದ್ದರು.

ಷಿ ಜಿನ್‌ಪಿಂಗ್ ಕಾಲದಲ್ಲಿ ಲೆಕ್ಕ ಬದಲಾಯಿತು. ಜಂಟಿ ಉದ್ಯಮಗಳ ಕರಾರಿನಲ್ಲೇ ಪಕ್ಷದ ಪಾತ್ರವನ್ನು ಬರೆಯಬೇಕು, ಮುಖ್ಯ ತೀರ್ಮಾನಗಳು ಆಡಳಿತ ಮಂಡಳಿಗೆ ಬರುವ ಮೊದಲು ಶಾಖೆಯ ಮುಂದೆ ಬರಬೇಕು ಎಂಬ ಒತ್ತಡ ಶುರುವಾಯಿತು. 2017ರ ನವೆಂಬರ್‌ನಲ್ಲಿ ಚೀನಾದಲ್ಲಿರುವ ಜರ್ಮನ್ ವಾಣಿಜ್ಯ ಪ್ರತಿನಿಧಿಗಳು, ಇದು ಮುಂದುವರಿದರೆ ತಮ್ಮ ಕಂಪನಿಗಳು ಹೂಡಿಕೆಯನ್ನೇ ಮರುಚಿಂತಿಸಬೇಕಾದೀತು ಎಂದು ಬಹಿರಂಗ ಹೇಳಿಕೆ ಕೊಟ್ಟರು. ಆದರೂ ಜರ್ಮನಿಯ ದೊಡ್ಡ ಕಾರು ಮತ್ತು ರಾಸಾಯನಿಕ ಕಂಪನಿಗಳು ಅಲ್ಲಿಯೇ ಇವೆ. ಹೂಡಿಕೆಯೂ ನಡೆದೇ ಇದೆ.